ಗಣಿ ಕಾರ್ಮಿಕರ ದಾಖಲೆ ಊರಿನ ಕಂಪ್ಯೂಟರಿನಲ್ಲೇ ಇರಲಿ

ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದ ಮೇಲೆ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಮನೆಗಳಲ್ಲಿ ಉಳಿದದ್ದು ಕಾಗದ: ಸೇವಾ ಪ್ರಮಾಣಪತ್ರ, ಪಿ.ಎಫ್. ಚೀಟಿ, ಎದೆಯ ಎಕ್ಸ್‌ರೇ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಚರಿತ್ರೆ ಪುಸ್ತಕಗಳಲ್ಲಿದೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದು, ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಚ್ಚಿಕೊಂಡವರದು ಟ್ರಂಕಿನಲ್ಲಿದೆ, ಗೆದ್ದಲಿನ ಬಾಯಿಗೆ ಹತ್ತಿರ.

ರಾಜ್ಯದ ‘ಭೂಮಿ’ ಯೋಜನೆ ರೈತರ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಎರಡು ದಶಕ ದಾಟಿತು. ಕಂಪನಿಯ ಲೈನ್ ಮನೆಯಲ್ಲೇ ಆಯುಸ್ಸು ಸವೆಸಿದವನ ಹೆಸರಿನಲ್ಲಿ ಪಹಣಿ ಎಲ್ಲಿಂದ ಬರಬೇಕು?

ಟ್ರಂಕಿನ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಊರಿನವರೇ ಕೈಗೆತ್ತಿಕೊಳ್ಳಬೇಕು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರಲ್ಲಿ ಕಂಪ್ಯೂಟರ್ ಕಲಿತ ಯುವಕ ಯುವತಿಯರಿದ್ದಾರೆ. ದುಡ್ಡಿನ ಮಾತೂ ಇಲ್ಲಿಲ್ಲ. 2000ದಲ್ಲಿ ರಿಚರ್ಡ್ ಹಿಪ್ ರೂಪಿಸಿದ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಪೂರ್ತಿ ಉಚಿತ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಸರ್ವರ್ ಬೇಡ, ಇಡೀ ದಾಖಲೆ ಒಂದೇ ಫೈಲಿನಲ್ಲಿ ಕೂರುತ್ತದೆ. ಕನ್ನಡ, ತಮಿಳು, ತೆಲುಗು ಮೂರು ಲಿಪಿಗಳೂ ಅದಕ್ಕೆ ಒಗ್ಗುತ್ತವೆ.

ಎಕ್ಸೆಲ್ ಸಾಲದೇ ಎನ್ನುವವರಿಗೆ ಉತ್ತರ ಕಾಗದಗಳಲ್ಲೇ ಇದೆ. ಒಂದೇ ಹೆಸರಿನವರು ಹಲವರು. ಒಬ್ಬನದೇ ಹೆಸರು ಒಂದೊಂದು ಚೀಟಿಯಲ್ಲಿ ಒಂದೊಂದು ಥರ. ಚಾಂಪಿಯನ್ ರೀಫ್‌ನಲ್ಲಿ ಸೇರಿ ನಂದಿದುರ್ಗ ಗಣಿಗೆ ವರ್ಗವಾದವನನ್ನು ಎರಡು ಸಾಲಿನಲ್ಲಿ ಬರೆದರೆ ಇಬ್ಬರಾಗಿಬಿಡುತ್ತಾನೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ರಿಲೇಷನಲ್ ಪದ್ಧತಿ ಈ ಗೋಜಲನ್ನು ಬಿಡಿಸುತ್ತದೆ. ಕಾರ್ಮಿಕನಿಗೆ ಒಂದು ಸಂಖ್ಯೆ, ಒಂದು ಸಾಲು. ಕೆಲಸದ ಅವಧಿ, ಅಪಘಾತ, ಕಾಯಿಲೆಗಳಿಗೆ ಬೇರೆ ಬೇರೆ ಕೋಷ್ಟಕ; ಎಲ್ಲವನ್ನೂ ಬೆಸೆಯುವುದು ಆ ಸಂಖ್ಯೆ. ಹೀಗೆ ಹೊಂದಿಸಿದರೆ ಯಾವ ಗಣಿಯಲ್ಲಿ ಎಷ್ಟು ವರ್ಷ ದುಡಿದವರಿಗೆ ಶ್ವಾಸಕೋಶ ಕೆಟ್ಟಿತು ಎಂದು ಕೇಳಬಹುದು. ಟ್ರಂಕುಗಳು ಬಿಡಿಬಿಡಿಯಾಗಿರುವ ತನಕ ಆ ಪ್ರಶ್ನೆಗೆ ಉತ್ತರವಿಲ್ಲ.

ಒಂದು ಎಚ್ಚರಿಕೆ ಬೇಕು. ಎಸ್‌ಕ್ಯೂಲೈಟ್ ಕೋಷ್ಟಕಗಳ ನಂಟನ್ನು ಸಾಮಾನ್ಯವಾಗಿ ತಾನಾಗಿ ಕಾಯುವುದಿಲ್ಲ. ಆ ನಂಟನ್ನು ಕಾಯುವ ಫಾರಿನ್ ಕೀ ತಪಾಸಣೆಯನ್ನು ಪ್ರತಿ ಸಂಪರ್ಕದಲ್ಲೂ ಚಾಲೂ ಮಾಡಬೇಕು. ಮರೆತರೆ ಇಲ್ಲದ ಕಾರ್ಮಿಕನ ಲೆಕ್ಕಕ್ಕೂ ಅಪಘಾತ ಸೇರಿಕೊಳ್ಳುತ್ತದೆ.

ಎಲ್ಲವನ್ನೂ ಇಂಟರ್‌ನೆಟ್‌ಗೆ ಏರಿಸಿಬಿಡುವ ಉತ್ಸಾಹ ಇಲ್ಲಿ ಸಲ್ಲದು. ಕಾಯಿಲೆ, ಪಿಂಚಣಿ ಸಂಖ್ಯೆ ಮನೆಯ ಗುಟ್ಟುಗಳು. ಒಪ್ಪಿಗೆ ಕೊಟ್ಟ ಕುಟುಂಬಗಳದ್ದನ್ನಷ್ಟೇ ಬರೆದು, ಒಂದು ಪ್ರತಿಯನ್ನು ರಾಬರ್ಟ್‌ಸನ್‌ಪೇಟೆಯಲ್ಲೂ ಇನ್ನೊಂದನ್ನು ಬಂಗಾರಪೇಟೆಯಲ್ಲೂ ಪಾಸ್‌ವರ್ಡ್ ಹಾಕಿದ ಡಿಸ್ಕಿನಲ್ಲಿ ಇಡಲಿ. ಗಣಿಗೆ ಇಳಿದವರಲ್ಲಿ ಇನ್ನೂ ಬದುಕಿರುವವರನ್ನು ಮೊದಲು ಕೂರಿಸಿಕೊಂಡು ಕೇಳಬೇಕು. ಕಾಗದದಲ್ಲಿ ತಪ್ಪಿದ ಹೆಸರನ್ನು ತಿದ್ದಬಲ್ಲವರು ಅವರೇ.