ಇಸಿಯು ಬದಲಿಸೋ ಮುಂಚೆ ಮೀಟರ್ ಹಿಡೀರಿ

ಕಾರಿನ ಡ್ಯಾಶ್‌ಬೋರ್ಡಲ್ಲಿ ನಾಲ್ಕೈದು ದೀಪ ಒಟ್ಟಿಗೇ ಹತ್ಕೊಂಡ್ರೆ ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕ್ತಾರೆ. ಯು 0100 ಅಂತ ಕೋಡ್ ಬರುತ್ತೆ. "ಇಸಿಯು ಹೋಗಿದೆ ಸಾರ್, ಹೊಸದು ಹಾಕ್ಬೇಕು" ಅಂತಾರೆ. ಒಂದು ಬೆಳೆಯ ಲಾಭ ಅಲ್ಲೇ ಕರಗಿಹೋಗುತ್ತೆ. ನೇರವಾಗಿ ಹೇಳ್ತೀನಿ: ತಂತಿ ಅಳೆಯದೆ ಇಸಿಯು ಬದಲಿಸಿ ಅನ್ನೋದು ಬರೀ ಊಹೆ. ಊಹೆಗೆ ನಾವು ದುಡ್ಡು ಕೊಡಬಾರದು.

ಯು 0100 ಅಂದ್ರೆ "ಇಂಜಿನ್ ಇಸಿಯು ಜೊತೆ ಸಂಪರ್ಕ ತಪ್ಪಿದೆ" ಅಂತ ಬೇರೆ ಮಾಡ್ಯೂಲ್ ಕೊಟ್ಟಿರೋ ದೂರು, ಅಷ್ಟೇ. ಯು 0121 ಆದ್ರೆ ಎಬಿಎಸ್ ಬಗ್ಗೆ ಅದೇ ದೂರು. ಕಾಲುವೆ ಕೊನೆಯ ಗದ್ದೆಗೆ ನೀರು ಬರಲಿಲ್ಲ ಅಂದ್ರೆ ಗದ್ದೆಯನ್ನ ಬೈತೀವಾ? ಕಾಲುವೆ ಉದ್ದಕ್ಕೂ ನಡೆದು ನೋಡ್ತೀವಿ.

ಕಾರಲ್ಲಿ ಆ ಕಾಲುವೆಯ ಹೆಸರು ಕ್ಯಾನ್ ಬಸ್. ಬಾಷ್ ಕಂಪನಿ 1986ರಲ್ಲಿ ಹೊರತಂದ ವ್ಯವಸ್ಥೆ. ಒಂದಕ್ಕೊಂದು ಹೆಣೆದ ಎರಡು ತಂತಿ: ಕ್ಯಾನ್ ಹೈ, ಕ್ಯಾನ್ ಲೋ. ಮಾಡ್ಯೂಲ್‌ಗಳ ಮಾತುಕತೆ ಎಲ್ಲ ಅದರಲ್ಲೇ. ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತೆ. ಎರಡೂ ಸೇರಿ ಮೀಟರಲ್ಲಿ 60 ತೋರಿಸ್ಬೇಕು.

ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆಯೋಕೆ ಹೇಳಿ. 120 ಬಂದ್ರೆ ಒಂದು ಕಡೆ ತಂತಿ ತುಂಡಾಗಿರ್ಬೇಕು, ಇಲ್ಲ ಒಂದು ತುದಿಯ ರೆಸಿಸ್ಟರ್ ಹೋಗಿರ್ಬೇಕು. ಸೊನ್ನೆ ಹತ್ತಿರ ಬಂದ್ರೆ ಎರಡೂ ತಂತಿ ಎಲ್ಲೋ ತಾಗಿವೆ. ಕೆಲವು ಕಾರಲ್ಲಿ ಸಾಕೆಟ್ಟಿಗೂ ಬಸ್ಸಿಗೂ ನಡುವೆ ಗೇಟ್‌ವೇ ಇರುತ್ತೆ. ಅಲ್ಲಿ ವೈರಿಂಗ್ ನಕ್ಷೆ ನೋಡಿ ಒಳಗೇ ಅಳೀಬೇಕು.

60 ಬಂದ್ರೂ ಕೆಲಸ ಮುಗೀಲಿಲ್ಲ. ಆ ಮಾಡ್ಯೂಲ್‌ಗೆ ಫ್ಯೂಸಿಂದ ಕರೆಂಟ್ ಬರ್ತಿದೆಯಾ, ಅರ್ತ್ ಗಟ್ಟಿ ಇದೆಯಾ? ಕರೆಂಟಿಲ್ಲದ ಮಾಡ್ಯೂಲ್ ಮಾತಾಡಲ್ಲ, ಕೆಟ್ಟಿರೋದೂ ಇಲ್ಲ. ನಿಜವಾಗ್ಲೂ ಕೆಟ್ಟ ಒಂದು ಮಾಡ್ಯೂಲ್ ಇಡೀ ಬಸ್ಸನ್ನೇ ಮಲಗಿಸೋದೂ ಉಂಟು. ಆಗ ಒಂದೊಂದೇ ಕನೆಕ್ಟರ್ ಬಿಡಿಸ್ತಾ ಹೋಗ್ಬೇಕು; ಯಾವುದನ್ನ ತೆಗೆದಾಗ ಉಳಿದವು ಮಾತಾಡೋಕೆ ಶುರು ಮಾಡ್ತವೋ ಅದರ ಕಡೆಗೇ ಕಳ್ಳ.

ನಮ್ಮ ಗಾಡಿ ನಿಲ್ಲೋದು ಬಣವೆ ಪಕ್ಕ, ಕೊಟ್ಟಿಗೆ ಪಕ್ಕ. ಇಲಿ ತಂತಿ ಕಡಿಯುತ್ತೆ, ಮಳೆಗಾಲದ ತೇವಕ್ಕೆ ಕನೆಕ್ಟರಲ್ಲಿ ಹಸಿರು ಕಿಲುಬು ಕಟ್ಟುತ್ತೆ. ಹೊಸ ಇಸಿಯು ಹಾಕಿದ್ರೆ ಇಲಿ ಕಡಿದ ತಂತಿ ಕೂಡಿಕೊಳ್ಳಲ್ಲ.

ಮೆಕ್ಯಾನಿಕ್ಕನ್ನೇ ದೂರೋದೂ ಸರಿಯಲ್ಲ. ತಂತಿ ಹುಡುಕೋಕೆ ಅರ್ಧ ದಿನ ಹಿಡೀಬಹುದು. ಆ ಕೂಲಿಗೆ ನಾವು ಚೌಕಾಸಿ ಮಾಡ್ತೀವಿ, ಪಾರ್ಟ್ ಬಿಲ್ಲಿಗೆ ಮಾತಾಡದೆ ಕೊಡ್ತೀವಿ. ಹಾಗಾಗಿ ಪಾರ್ಟೇ ಬದಲಾಗುತ್ತೆ. ಹುಡುಕೋ ಕೆಲಸಕ್ಕೆ ಸರಿಯಾದ ಕೂಲಿ ಕೊಡಿ, ಬದಲಿಗೆ ಲೆಕ್ಕ ಕೇಳಿ: ಓಮ್ ಎಷ್ಟು ಬಂತು, ಕರೆಂಟ್ ಎಷ್ಟಿತ್ತು, ಅರ್ತ್ ನೋಡಿದ್ರಾ? ಉತ್ತರ ಚೀಟಿಯಲ್ಲಿ ಬರೆದು ಕೊಟ್ಟ ಮೇಲೆ ಇಸಿಯು ಮಾತು.