ಬೀದಿಯ ಚಿತ್ರವೂ ಜಾಹೀರಾತೂ

ಮೂವತ್ತು ವರ್ಷಗಳಿಗೂ ಮಿಕ್ಕು ಸೀಮೆಸುಣ್ಣವನ್ನು ಹಿಡಿದವನು ನಾನು. ಬರೆದುದನ್ನು ಸಂಜೆಯೊಳಗಾಗಿ ಒರಸಿಬಿಡುವುದೇ ಅದರ ಧರ್ಮವೆಂಬುದನ್ನು ಉಪಾಧ್ಯಾಯವೃತ್ತಿಯೇ ನನಗೆ ಕಲಿಸಿತು. ಈಚೆಗೆ ನಮ್ಮ ಬೀದಿಯಲ್ಲಿ ನಡೆದ ಒಂದು ಪ್ರಸಂಗವು ಆ ಧರ್ಮವನ್ನು ಪುನಃ ಜ್ಞಾಪಕಕ್ಕೆ ತಂದಿತು. ಅಂಗಡಿಯವರೊಬ್ಬರು ತಮ್ಮ ಪ್ರಾರಂಭೋತ್ಸವಕ್ಕೆ ಜನರನ್ನು ಕರೆಯುವ ಉದ್ದೇಶದಿಂದ ರಾತ್ರೋರಾತ್ರಿ ನೆಲದ ಮೇಲೆ ಎಣ್ಣೆಬಣ್ಣದ ದೊಡ್ಡ ಬಾಣಗಳನ್ನು ಬರೆಯಿಸಿದರು. ಅವುಗಳಲ್ಲೊಂದು ಎದುರುಮನೆಯ ವೃದ್ಧೆಯ ಹೊಸ್ತಿಲ ಮುಂದೆಯೇ ಬಿದ್ದಿತು. ಉತ್ಸವವು ಮುಗಿದುಹೋಯಿತು, ಬಾಣವು ಹೋಗಲಿಲ್ಲ. ಆಕೆ ಈಗ ಅದರ ಪಕ್ಕದ ಒಂದು ಮೊಳ ಜಾಗದಲ್ಲಿ ರಂಗವಲ್ಲಿಯನ್ನಿಡುತ್ತಾಳೆ.

ನೆಲದ ಮೇಲೆ ಚಿತ್ರವನ್ನು ಬರೆದು ಜನರನ್ನು ಕರೆಯುವುದೇ ತಪ್ಪೆಂದು ನಾನು ಹೇಳುವವನಲ್ಲ. ಅದು ರಮ್ಯವಾದ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಬಣ್ಣದ ಪುಡಿಗಳಿಂದ ಬರೆಯುವ ಧೂಳಿಚಿತ್ರವನ್ನೂ ಚಿತ್ರಭೇದಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಇಟಲಿ ದೇಶದಲ್ಲಿ, ಊರಿಂದೂರಿಗೆ ಹಬ್ಬಗಳನ್ನನುಸರಿಸಿ ಹೋಗಿ, ಇಗರ್ಜಿಗಳ ಮುಂದೆ ಮೇರಿಮಾತೆಯ ಚಿತ್ರವನ್ನು ಬರೆದು ಕಾಸು ಪಡೆಯುತ್ತಿದ್ದವರಿಗೆ ‘ಮಡೊನ್ನಾರಿ’ಗಳೆಂದು ಹೆಸರು. ಮಾಂಟುವಾ ಪಟ್ಟಣದ ಬಳಿಯ ಗ್ರಾಟ್ಸಿಯೆ ಎಂಬ ಊರಿನಲ್ಲಿ 1973ರಲ್ಲಿ ಇವರ ಸಮ್ಮೇಳನವು ಮೊದಲಾಯಿತು.

ಕರ್ಟ್ ವೆನ್ನರ್ ಎಂಬ ಅಮೆರಿಕದ ಚಿತ್ರಕಾರನು ನಾಸಾ ಸಂಸ್ಥೆಯ ಕೆಲಸವನ್ನು ಬಿಟ್ಟು, 1982ರಲ್ಲಿ ರೋಮಿಗೆ ಹೋಗಿ, ಈ ವಿದ್ಯೆಗೆ ಹೊಸದೊಂದು ಚಮತ್ಕಾರವನ್ನು ಸೇರಿಸಿದನು. ಚಿತ್ರವನ್ನು ನೆಲದ ಮೇಲೆ ಬೇಕೆಂದೇ ಉದ್ದಕ್ಕೆ ಎಳೆದು ವಿಕಾರವಾಗಿ ಬರೆಯುವುದು. ಗೊತ್ತಾದ ಒಂದು ಬಿಂದುವಿನಲ್ಲಿ ನಿಂತು ನೋಡಿದವನಿಗೆ ಮಾತ್ರ ಆ ವಿಕಾರವು ಅಡಗಿ, ನೆಲವೇ ಬಾಯ್ದೆರೆದಂತೆ ತೋರುವುದು. ವರ್ತಕರು ಇದಕ್ಕೆ ಮನಸೋತುದರಲ್ಲಿ ಆಶ್ಚರ್ಯವೇನು? ಗೋಡೆಯ ಜಾಹೀರಾತನ್ನು ಜನರು ದಾಟಿ ನಡೆಯುತ್ತಾರೆ. ಮೊಣಕಾಲೂರಿ ಚಿತ್ರ ಬರೆಯುತ್ತಿರುವವನ ಸುತ್ತಲಾದರೋ ಗುಂಪುಗೂಡಿ ನಿಲ್ಲುತ್ತಾರೆ.

ಆದರೆ ವರ್ತಕರು ಹಿಡಿದ ದಾರಿ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 1987ರಲ್ಲಿ ಆರಂಭವಾದ ಉತ್ಸವದಲ್ಲಿ ಹಳೆಯ ಕ್ರೈಸ್ತಮಠದ ಮುಂದಣ ಅಂಗಳವನ್ನು ಚೌಕಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಚೌಕಕ್ಕೂ ಒಬ್ಬ ವರ್ತಕನೋ ಒಂದು ಕುಟುಂಬವೋ ಹಣವನ್ನು ಕೊಟ್ಟು, ಚಿತ್ರದ ಮೇಲ್ಗಡೆ ತನ್ನ ಹೆಸರನ್ನು ಬರೆಯಿಸಿಕೊಳ್ಳಬಹುದು. ಆ ಧನವು ಮಕ್ಕಳ ಕಲಾಶಿಕ್ಷಣಕ್ಕೆ ಸಲ್ಲುವುದು. ಇದಕ್ಕೆ ವಿರುದ್ಧವಾಗಿ, 2001ರಲ್ಲಿ ಐಬಿಎಂ ಸಂಸ್ಥೆಯ ಜಾಹೀರಾತಿಗಾಗಿ ಸಾನ್ ಫ್ರಾನ್ಸಿಸ್ಕೋ, ಷಿಕಾಗೋ ನಗರಗಳ ಕಾಲುದಾರಿಗಳ ಮೇಲೆ ಶಾಂತಿಚಿಹ್ನೆ, ಹೃದಯ, ಪೆಂಗ್ವಿನ್ ಹಕ್ಕಿ ಈ ಮೂರನ್ನು ಅಚ್ಚೊತ್ತಿಸಿದರು. ನೀರಿಗೆ ಕರಗಬೇಕಾಗಿದ್ದ ಬಣ್ಣವು ಕರಗಲೇ ಇಲ್ಲ. ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಆ ಸಂಸ್ಥೆಯು ದಂಡವನ್ನೂ ತೊಳೆಯುವ ವೆಚ್ಚವನ್ನೂ ಸೇರಿಸಿ 1,00,000 ಡಾಲರುಗಳಿಗೂ ಮಿಕ್ಕು ತೆರಬೇಕಾಯಿತು.

ಆದುದರಿಂದ, ಶಾಲೆಯ ವಾರ್ಷಿಕೋತ್ಸವಕ್ಕಾಗಲಿ ಅಂಗಡಿಯ ಪ್ರಚಾರಕ್ಕಾಗಲಿ ಬೀದಿಯಲ್ಲಿ ಚಿತ್ರ ಬರೆಯಿಸುವವರಲ್ಲಿ ನನ್ನ ಬಿನ್ನಹವಿಷ್ಟೆ: ಮೊದಲು ಪುರಸಭೆಯವರನ್ನೂ ಆ ಬೀದಿಯ ಮನೆಯವರನ್ನೂ ಕೇಳಿರಿ. ಅಂಗೈಯಗಲ ಬರೆದು, ಒಣಗಿದ ಮೇಲೆ ನೀರು ಸುರಿದು ಪರೀಕ್ಷಿಸಿರಿ. ಉತ್ಸವವು ಮುಗಿದ ಸಂಜೆ ನೀವೇ ನಿಂತು ತೊಳೆಯಿಸಿರಿ.

ಆ ಅಂಗಡಿಯ ಯಜಮಾನನಿಗೂ ಇದನ್ನೇ ಹೇಳಿದೆನು. “ಬೀದಿಯು ಎಲ್ಲರದೂ ಅಲ್ಲವೆ, ಸ್ವಾಮಿ?” ಎಂದು ಆತನು ನಕ್ಕನು. ನಿಜ, ಎಲ್ಲರದೂ ಹೌದು. ಆದುದರಿಂದಲೇ ಅಲ್ಲಿ ಯಾರಾದರೂ ಸ್ವಲ್ಪ ಹೊತ್ತು ನಿಲ್ಲಬಹುದು, ಯಾರೂ ತಳವೂರಕೂಡದು. ಆ ವೃದ್ಧೆಯು ಪ್ರತಿನಿತ್ಯವೂ ತಾನಿಟ್ಟ ರಂಗವಲ್ಲಿಯನ್ನು ಮರುದಿನ ತಾನೇ ಗುಡಿಸುತ್ತಾಳೆ. ಈ ನ್ಯಾಯವನ್ನು ಆಕೆಗೆ ಯಾರೂ ಬೋಧಿಸಬೇಕಾಗಿರಲಿಲ್ಲ.