ಸಗಣಿ ಬೆನಕನನ್ನು ಗುರುತಿಸುವವರಿಗೆ ಈ ಚಿತ್ರ ಯಾಕೆ ತಿಳಿಯೋದಿಲ್ಲ?

"ಇದೇನ್ ಚಿತ್ರ, ಬಣ್ಣ ಚೆಲ್ದಂಗದೆ." ಹುಣಸೂರು, ಪಿರಿಯಾಪಟ್ಟಣ ಕಡೆ ಫೋನಿನಲ್ಲಿ ಅಮೂರ್ತ ಚಿತ್ರ ತೋರಿಸಿದರೆ ಮೊದಲು ಬರುವ ಮಾತು ಇದೇ. ಅಮೂರ್ತ ಅಂದರೆ ಕಂಡದ್ದನ್ನು ಕಂಡ ಹಾಗೇ ಬರೆಯದ ಚಿತ್ರ. ನಮ್ಮ ಜನಕ್ಕೆ ಚಿತ್ರ ಅಂದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸು. ಬೆರಳ ಸಂದಿಯ ಕೆಂಪೂ ಕಾಣಬೇಕು. ಒಳ್ಳೆಯ ಚಿತ್ರವೇ. ಆದರೆ ಅದೊಂದೇ ಚಿತ್ರ, ಮಿಕ್ಕಿದ್ದೆಲ್ಲ ಪೇಟೆಯವರ ಶೋಕಿ ಅನ್ನುವುದನ್ನು ನಾವು ಒಪ್ಪುವುದಿಲ್ಲ.

ಸಗಣಿ ಉಂಡೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಬೆನಕ ಅಂತ ಕೈಮುಗಿಯುತ್ತೇವಲ್ಲ, ಅದಕ್ಕೆ ಸೊಂಡಿಲಿದೆಯೇ? ಹೊಟ್ಟೆ, ಇಲಿ, ಮೊರದಗಲ ಕಿವಿ ಯಾವುದೂ ಇಲ್ಲ. ಆದರೂ ಅದು ಗಣಪ ಅಂತ ಮನೆಯ ಚಿಕ್ಕ ಮಗುವಿಗೂ ಗೊತ್ತು. ಕಳಶದ ಮೇಲೆ ಅರಿಶಿನ ಹಚ್ಚಿದ ತೆಂಗಿನಕಾಯಿ ಇಟ್ಟರೆ ಅಮ್ಮನವರ ಮುಖ. ಬಾಗಿಲ ಮುಂದಿನ ಚುಕ್ಕಿ ರಂಗೋಲಿಯಲ್ಲಿ ಗೆರೆ ಸುತ್ತಿ ಬಳಸಿ ಬಂದು ನಾಗರ ಹೆಡೆ ಆಗುತ್ತದೆ.

ಈಗ ಬೈಲಕುಪ್ಪೆಗೆ ಬನ್ನಿ. ನಾವೆಲ್ಲ ಗೋಲ್ಡನ್ ಟೆಂಪಲ್ ಅನ್ನುವ ನಮ್ಡ್ರೋಲಿಂಗ್ ಮಠ ಶುರುವಾಗಿದ್ದು 1963ರಲ್ಲಿ. ಭಾನುವಾರ ಬಂದವರು ಮೂರು ಹೊನ್ನಿನ ಮೂರ್ತಿಗಳ ಮುಂದೆ ಸೆಲ್ಫಿ ತೆಗೆದು, ಮೊಮೊ ತಿಂದು ಹೊರಡುತ್ತಾರೆ. ಎದುರಿನ ಅಂಗಡಿಗಳಲ್ಲಿ ತೂಗುವ ಮಂಡಲದ ಪಟವನ್ನು ನಿಂತು ನೋಡುವವರು ಕಡಿಮೆ. ಮೇಲ್ನೋಟಕ್ಕೆ ಬರೀ ಬಣ್ಣದ ದುಂಡು, ಚೌಕ. ನಿಜಕ್ಕೂ ಅದು ಮೇಲಿನಿಂದ ನೋಡಿದ ಹಾಗೆ ಬರೆದ ದೇವರ ಅರಮನೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಸುತ್ತ ಬೆಂಕಿಯ ಬಳೆ. ಮನೆ ಕಟ್ಟುವಾಗ ಇಂಜಿನಿಯರ್ ಕೊಡುವ ಪ್ಲಾನ್ ಇದ್ದಂತೆ. ಅದನ್ನೇ ಭಿಕ್ಷುಗಳು ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಕೂತು ಬಿಡಿಸುವುದೂ ಉಂಟು. ಆಮೇಲೆ ತಾವೇ ಕಲಸಿ ನೀರಿಗೆ ಬಿಡುತ್ತಾರೆ. ನಮ್ಮ ಅವ್ವಂದಿರ ರಂಗೋಲಿಯೂ ಮಾರನೇ ಬೆಳಿಗ್ಗೆ ಸಗಣಿ ನೀರಿಗೆ ಹೋಗುತ್ತದೆ. ಅದನ್ನು ಕಲೆ ಅಂತ ಕರೆಯಲು ನಮಗೆ ನಾಲಿಗೆ ಹೊರಳುವುದಿಲ್ಲ, ಅಷ್ಟೆ.

1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅವರ 'ವೃಕ್ಷ' ಸರಣಿಯ ಚಿತ್ರಗಳನ್ನು ಫೋನಿನಲ್ಲಿ ಹುಡುಕಿ ನೋಡಿ. ಮರ ಅಂತ ಗೊತ್ತಾಗುತ್ತದೆ, ಆದರೆ ಯಾವ ಮರ ಅಂತ ಹೇಳಲಾಗದು. ಕೊಂಬೆ ಎಲೆಗಳ ನಡುವೆ ಹಕ್ಕಿಯೋ ಮುಖವೋ ಹೊಳೆದಂತಾಗುತ್ತದೆ. ಸ್ವಲ್ಪ ಹೊತ್ತು ಬೇಕು. ರೀಲ್ಸ್ ಸರಿಸಿದಂತೆ ಸರಿಸಿದರೆ ಏನೂ ಸಿಗದು.

ಇದರಿಂದ ನಮಗೇನು ಅನ್ನಬಹುದು. ಮಗು ಹಾಳೆ ತುಂಬ ಹಸಿರು ಬಳಿದು 'ಇದು ನಮ್ಮ ಹೊಗೆಸೊಪ್ಪಿನ ಹೊಲ' ಅಂದರೆ, 'ಎಲೆ ಎಲ್ಲಿ? ನೆಟ್ಟಗೆ ಬರಿ' ಅನ್ನುತ್ತೇವೆ. ಕೊನೆಗೆ ಎಲ್ಲ ಮಕ್ಕಳದ್ದೂ ಒಂದೇ ಚಿತ್ರ: ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು. ಊರ ಸುತ್ತ ಒಂದು ಬೆಟ್ಟವೂ ಇರುವುದಿಲ್ಲ! ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ ಮೇಷ್ಟ್ರೇ ಇಲ್ಲ. ಅದನ್ನು ಎಸ್‌ಡಿಎಂಸಿಯವರು ಜೋರಾಗಿ ಕೇಳಬೇಕು. ಅಲ್ಲಿತನಕ ಒಂದು ಶನಿವಾರ ಮಕ್ಕಳನ್ನು ಬೈಲಕುಪ್ಪೆಗೆ ಕರೆತನ್ನಿ. ಮಂಡಲದ ಮುಂದೆ ನಿಲ್ಲಿಸಿ 'ಏನ್ ಕಾಣ್ತದೆ?' ಅಂತ ಕೇಳಿ. ಉತ್ತರ ನೀವು ಹೇಳಿಕೊಡಬೇಡಿ.